ಕೂಸಾಗಿದ್ದಾಗ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆಗಿದೆ, ಈಗ ಮತ್ತೆ ಮುಳುಗಬೇಕಾ? ಅನುಭವ ಇರೋರು ಹೇಳಿ

ಸಾಸಿವೆಕಾಳು:
40 ದಿನದ ಕೂಸಾಗಿದ್ದಾಗ ನನ್ನ ತಲೆ ಮೇಲೆ ನೀರು ಹೊಯ್ದು ದೀಕ್ಷಾಸ್ನಾನ ಕೊಟ್ಟಿದ್ದಾರೆ. ಈಗ ಹೋಗ್ತಿರೋ ಸಭೆಲಿ (ಚರ್ಚಲ್ಲಿ) ಅದು ಲೆಕ್ಕಕ್ಕಿಲ್ಲ, ಪೂರ್ತಿ ಮುಳುಗಿದ್ಮೇಲೇನೇ ಕರ್ತನ ಭೋಜನ, ಅಂದ್ರೆ ರೊಟ್ಟಿ-ದ್ರಾಕ್ಷಾರಸ, ಅಂತಾರೆ. ಅಮ್ಮ ಮಾತು ಬಿಟ್ಟಿದ್ದಾರೆ. ಏನ್ ಮಾಡ್ಲಿ?

ಎಮ್ಮಾಹು ದಾರಿ:
ನಾನು 31ನೇ ವಯಸ್ಸಲ್ಲಿ ಮುಳುಗಿದೆ, ಇವತ್ತಿಗೂ ಹೆಮ್ಮೆ ಇದೆ. ಸುಲಭಕ್ಕೆ ಆಗ್ಲಿಲ್ಲ ಕೇಳಿ. 11 ವಾರ ಕ್ಲಾಸು, ಮೊದಲ್ನೇ ತಾರೀಖಿಗೆ ಜ್ವರ, ಎರಡನೇ ಸಲ ಹಿಂದಿನ ರಾತ್ರಿ ತೊಟ್ಟಿ ಸೋರಿ ನೀರೆಲ್ಲ ಖಾಲಿ, ಮೂರನೇ ಸಲ ಅಪ್ಪ ಬಾಗಿಲಿಗೆ ಅಡ್ಡ ನಿಂತ್ರು. ನಾಲ್ಕನೇ ಸಲ ಮುಳುಗಿದಾಗ ಮೊಣಕೈ ನೀರಿನ ಮೇಲೇ ಉಳಿದಿತ್ತಂತೆ, ಪಾಸ್ಟರ್ ಇನ್ನೊಂದ್ಸಲ ಅದ್ದಿದ್ರು, ಮೂಗಿಗೆ ನೀರು ನುಗ್ಗಿ ಸಾಕ್ಷಿ ಹೇಳಕ್ಕೂ ಉಸಿರಿಲ್ಲ. ಆದ್ರೆ ರೋಮಾಪುರದವರಿಗೆ ಬರೆದ ಪತ್ರ 6ರಲ್ಲಿ ಕ್ರಿಸ್ತನ ಜೊತೆ ಹೂಣಲ್ಪಟ್ಟು ಹೊಸ ಜೀವಕ್ಕೆ ಏಳೋದು ಅಂತ ಇದ್ಯಲ್ಲ, ನೀರೊಳಗೆ ಕಿವಿ ಮುಚ್ಚಿ ಏನೂ ಕೇಳಿಸದೆ ಹೋದ ಆ ಕ್ಷಣದಲ್ಲೇ ಅದು ನನಗೆ ತಟ್ಟಿದ್ದು. ನೆತ್ತಿಗೆ ನಾಲ್ಕು ಹನಿ ಹಾಕಿದ್ರೆ ಸಮಾಧಿ ಎಲ್ಲಿ ಬಂತು?

ಹಳೇ ಗಂಟೆ:
ನಾಲ್ಕು ಹನಿ ಅನ್ನೋ ಮಾತು ವಾಪಸ್ ತಗೊಳ್ಳಿ. ಆದಿ ಸಭೆಯ ಕೈಪಿಡಿ ದಿದಾಕೆಲೇ ಹರಿಯೋ ನೀರಲ್ಲಿ ಕೊಡಿ, ಸಾಕಷ್ಟು ನೀರಿಲ್ಲದಿದ್ರೆ ತಲೆ ಮೇಲೆ ಮೂರು ಸಲ ಸುರೀರಿ ಅಂತ ಇದೆ. ಬೈಬಲ್‌ನಲ್ಲಿ ಬರೋ ಫಿಲಿಪ್ಪಿಯ ಸೆರೆಮನೆ ಯಜಮಾನ ರಾತ್ರೋರಾತ್ರಿ ಮನೆಯವರ ಸಮೇತ ದೀಕ್ಷಾಸ್ನಾನ ತಗೊಂಡ, ಅವನಿಗೆ 11 ವಾರ ಕ್ಲಾಸ್ ಯಾರು ಮಾಡಿದ್ರು? ನನ್ನ ಮಗ ಏಳನೇ ತಿಂಗಳಿಗೇ ಹುಟ್ಟಿ ಗಾಜಿನ ಪೆಟ್ಟಿಗೆಲಿದ್ದ. ಫಾದರ್ ಬರೋವಷ್ಟು ಟೈಮಿಲ್ಲ, ನರ್ಸೇ ಸಿರಿಂಜಲ್ಲಿ ನೀರು ತಗೊಂಡು ಅವನ ಹಣೆ ಮೇಲೆ ಹರಿಸಿ ತಂದೆಯ, ಮಗನ, ಪವಿತ್ರಾತ್ಮನ ಹೆಸರಲ್ಲಿ ಕೊಟ್ರು. ತುರ್ತಲ್ಲಿ ಯಾರು ಕೊಟ್ರೂ ಅದು ದೀಕ್ಷಾಸ್ನಾನವೇ, ನಮ್ಮ ಕ್ಯಾಥೋಲಿಕ್ ಸಭೆ ಒಪ್ಪುತ್ತೆ. ಮೂರು ದಿನ ಬದುಕಿದ. ಅದು ಲೆಕ್ಕಕ್ಕಿಲ್ಲ ಅಂತ ನನ್ನ ಮುಖಕ್ಕೆ ಹೇಳಿ ನೋಡೋಣ.

ಎಮ್ಮಾಹು ದಾರಿ:
ಮಗು ವಿಷ್ಯ ನಾನೆತ್ತಲೇ ಇಲ್ಲ, ಕೇಳಿ ಎದೆ ಹಿಂಡಿತು. ಯೇಸುವಿನ ಪಕ್ಕ ಶಿಲುಬೆ ಮೇಲಿದ್ದ ಕಳ್ಳನಿಗೆ ಯಾವ ಸ್ನಾನ ಆಗಿತ್ತು, ಅವನಿಗೂ ಪರದೈಸು ಸಿಕ್ತಲ್ಲ. ನಾನು ಹೇಳ್ತಿರೋದು ಸ್ವಂತ ಬಾಯಲ್ಲಿ ನಂಬ್ತೀನಿ ಅನ್ನೋಕೆ ಆಗೋರ ಬಗ್ಗೆ. ಆ ಮಾತಿಗೇ 1527ರಲ್ಲಿ ಜೂರಿಕ್‌ನಲ್ಲಿ, ನಂಬಿದ ದೊಡ್ಡವರಿಗೇ ದೀಕ್ಷಾಸ್ನಾನ ಅಂತಿದ್ದ ಫೆಲಿಕ್ಸ್ ಮಾಂಜ್‌ನ ನದಿಗೆ ಮುಳುಗಿಸಿ ಕೊಂದ್ರು, ಮರೀಬೇಡಿ.

ನೀರಿನ ಹತ್ತಿರ:
ನನಗೆ ಎರಡು ಸಲ ಆಗಿದೆ, ಎರಡೂ ಮುಳುಗಿಸಿಯೇ. ಮೊದಲ್ನೇದು ಮತ್ತಾಯ 28:19ರ ಪ್ರಕಾರ, ತಂದೆ, ಮಗ, ಪವಿತ್ರಾತ್ಮನ ಹೆಸರಲ್ಲಿ. ಆಮೇಲೆ ಸೇರಿದ ಸಭೆಯವರು ಅಪೊಸ್ತಲರ ಕೃತ್ಯಗಳು 2:38 ತೋರಿಸಿ ಯೇಸುವಿನ ಹೆಸರಲ್ಲೇ ಆಗ್ಬೇಕು ಅಂದ್ರು, ಒಪ್ಕೊಂಡೆ. ಮದುವೆ ಮಾತು ಬಂದಾಗ ಹುಡುಗನ ಕಡೆ ಸಭೆ ಎರಡನೇದು ಸರಿಯಿಲ್ಲ ಅಂತ ಮೂರನೇದು ಕೇಳ್ತು. ಎಫೆಸದವರಿಗೆ ಬರೆದ ಪತ್ರದಲ್ಲಿ ಒಂದೇ ದೀಕ್ಷಾಸ್ನಾನ ಅಂತ ಇದೆ, ನನ್ನ ಕೈಲಾಗಲ್ಲ ಅಂದೆ. ಸಂಬಂಧ ಮುರೀತು. ಆ ಎರಡನೇದಕ್ಕೆ ಒಪ್ಪಿದ್ದೇ ನನಗೆ ಇನ್ನೂ ಚುಚ್ಚುತ್ತೆ.

ಹಳೇ ಗಂಟೆ:
ಮಾಂಜ್‌ನ ಕೊಂದಿದ್ದು ಕ್ಯಾಥೋಲಿಕರಲ್ಲ, ಪ್ರೊಟೆಸ್ಟೆಂಟ್ ನಾಯಕ ಜ್ವಿಂಗ್ಲಿ ಸಭೆಯ ಸುಧಾರಣೆ ನಡೆಸ್ತಿದ್ದ ಊರಿನ ಕೌನ್ಸಿಲ್. ಆ ಲೆಕ್ಕ ನಮ್ಮ ತಲೆಗೆ ಕಟ್ಟಬೇಡಿ.