ಸ್ವಂತ ಫೋನಿಗೆ ಆಫೀಸಿನ ಆ್ಯಪ್ ಹಾಕಿಸಿಕೊಳ್ಳಬೇಕಾ?

ಬೆಳ್ಳಂದೂರಿನ ಒಂದು ಕಂಪನಿಗೆ ಹೋದ ವಾರ ಸೇರಿದೆ. ಮೇಲ್ ನೋಡಬೇಕಾದರೆ ನನ್ನ ಫೋನಿಗೆ ಅವರ ಆ್ಯಪ್ ಹಾಕಿಕೊಳ್ಳಲೇಬೇಕಂತೆ. ಮಗಳ ಫೋಟೊ, ಬ್ಯಾಂಕು, ವಾಟ್ಸಾಪ್ ಎಲ್ಲ ಅದರಲ್ಲೇ ಇದೆ. ನಿಮಗೆಲ್ಲ ಏನಾಯ್ತು, ಸ್ವಲ್ಪ ಹೇಳಿ.

ಉತ್ತರ 1:
ನಾನು ಆರು ವರ್ಷ ಐಟಿ ಸಪೋರ್ಟ್‌ನಲ್ಲಿದ್ದೆ, ಆ ಕಡೆ ಕೂತು ನೋಡಿದ್ದು ಹೇಳುತ್ತೇನೆ. ನಿಮ್ಮದು ಆಂಡ್ರಾಯ್ಡ್ ಆದರೆ, ಆಫೀಸ್ ಆ್ಯಪ್‌ಗಳ ಐಕಾನ್ ಮೂಲೆಯಲ್ಲಿ ಪುಟ್ಟ ಬ್ರೀಫ್‌ಕೇಸ್ ಗುರುತು ಬರುತ್ತಾ ನೋಡಿ. ಬಂದರೆ ಅದು ವರ್ಕ್ ಪ್ರೊಫೈಲ್. ಮನೆಯೊಳಗೆ ಬೇರೆ ಬೀಗ ಹಾಕಿದ ಒಂದು ರೂಮು ಬಾಡಿಗೆಗೆ ಕೊಟ್ಟ ಹಾಗೆ. ಫೋನಿನ ಮಾಡೆಲ್, ಆಂಡ್ರಾಯ್ಡ್ ವರ್ಷನ್ ನಮಗೆ ಕಾಣುತ್ತಿತ್ತು. ನಿಮ್ಮ ಫೋಟೊ, ಮೆಸೇಜು ಕಾಣುತ್ತಿರಲಿಲ್ಲ. ಕೆಲಸ ಬಿಟ್ಟವರ ಫೋನಿಗೆ ವೈಪ್ (ದೂರದಿಂದಲೇ ಅಳಿಸೋದು) ಒತ್ತಿದರೆ ಆ ರೂಮು ಮಾತ್ರ ಖಾಲಿ. ಶನಿವಾರ ಪ್ರೊಫೈಲನ್ನೇ ಆಫ್ ಮಾಡಿಡಿ, ಯಾರೂ ಏನೂ ಅನ್ನಲ್ಲ. ಬ್ರೀಫ್‌ಕೇಸ್ ಬರದೆ, 'ಎಲ್ಲ ಡೇಟಾ ಅಳಿಸಿ' ಅನ್ನೋ ಅನುಮತಿ ಕೇಳಿತಾ? ಅಲ್ಲೇ ಕ್ಯಾನ್ಸಲ್ ಒತ್ತಿ.

ಉತ್ತರ 2:
ಫೋನಿಗಿಂತ ಲ್ಯಾಪ್‌ಟಾಪಿಗೆ ಜಾಸ್ತಿ ಹೆದರಿ. ನಾನು ಆಫೀಸ್ ಲ್ಯಾಪ್‌ಟಾಪಿನಲ್ಲಿ ವಾಟ್ಸಾಪ್ ವೆಬ್ ತೆರೆದಿಟ್ಟಿರುತ್ತಿದ್ದೆ. ಮೆಸೇಜನ್ನು ದಾರಿಯಲ್ಲಿ ಬೇರೆ ಯಾರೂ ಓದದ ಹಾಗೆ ಎನ್‌ಕ್ರಿಪ್ಷನ್ ಇದೆಯಲ್ಲ ಅನ್ನೋ ಧೈರ್ಯ. ಆದರೆ ಆಗಾಗ ಸ್ಕ್ರೀನಿನ ಫೋಟೊವನ್ನೇ ತೆಗೆಯೋ ಸಾಫ್ಟ್‌ವೇರ್ ಒಳಗೆ ಕೂತಿದ್ದರೆ ಎನ್‌ಕ್ರಿಪ್ಷನ್ ಏನು ಮಾಡುತ್ತೆ? ಅಪ್ರೈಸಲ್ ದಿನ ಮ್ಯಾನೇಜರ್ ಒಂದು ರಿಪೋರ್ಟ್ ತೆರೆದರು. ಅತ್ತಿಗೆಯ ಸೀಮಂತಕ್ಕೆ ನಾನು ಹಾಲ್ ಹುಡುಕಿದ ಚಾಟ್ ಅದರಲ್ಲಿತ್ತು. "ಹಾಲ್ ಸಿಕ್ತಾ?" ಅಂತ ನಗುತ್ತಾ ಕೇಳಿದರು. ನನಗೆ ನಗು ಬರಲಿಲ್ಲ.

ಉತ್ತರ 3:
ನಾನು ಎಚ್‌ಆರ್ ಹತ್ತಿರ ಕಾನೂನು ಮಾತಾಡಿ ಬಂದವಳು! ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರಲ್ಲೇ ಹೇಳಿದ್ದಾರೆ. ಆ ಕೇಸು ಹಾಕಿದ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಎಚ್‌ಆರ್ ಎಲ್ಲ ಕೇಳಿಸಿಕೊಂಡು, ನಾನೇ ಸಹಿ ಹಾಕಿದ್ದ ಪಾಲಿಸಿಯ ಪುಟ ತೋರಿಸಿದರು. 2023ರ ಡೇಟಾ ಸಂರಕ್ಷಣೆ ಕಾಯ್ದೆಯಲ್ಲೂ ಉದ್ಯೋಗದ ಉದ್ದೇಶಕ್ಕೆ ಅಂದರೆ ಒಪ್ಪಿಗೆ ಕೇಳದೆ ಡೇಟಾ ಬಳಸಲು ಕಂಪನಿಗೆ ದಾರಿ ಇದೆ (ಸೆಕ್ಷನ್ 7).

ವಾದ ಬಿಟ್ಟು ಒಂದು ಮೇಲ್ ಹಾಕಿದೆ. ಈ ಆ್ಯಪ್ ಏನೇನು ನೋಡುತ್ತೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ನಾನು ಬಿಟ್ಟು ಹೋದಾಗ ಏನು ಅಳಿಸುತ್ತೀರಿ, ಅಷ್ಟೇ ಪ್ರಶ್ನೆ. ಉತ್ತರ ಬರಲಿಲ್ಲ. ಮೂರನೇ ದಿನ ಆಫೀಸಿನದೇ ಒಂದು ಹಳೆ ಫೋನ್ ಟೇಬಲ್ ಮೇಲಿತ್ತು. ಸ್ಕ್ರೀನ್ ತುಂಬ ಗೀರು, ಮಧ್ಯಾಹ್ನದ ಹೊತ್ತಿಗೆ ಚಾರ್ಜ್ ಖಾಲಿ. ಸಂಜೆ ಅದನ್ನು ಡ್ರಾಯರಿಗೆ ಹಾಕಿ ಮನೆಗೆ ಹೋಗುತ್ತೇನೆ.