ವೈಕಿಂಗ್ ಗ್ರೂಪಿಗೆ ಸೇರಬೇಕು ಅಂತಿದ್ದೇನೆ, ಕತ್ತಿ ಈಗಲೇ ಕೊಳ್ಳಲಾ?

ಕುತೂಹಲಿ_27:

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಹಳೇ ಕಾಲದ ಬಟ್ಟೆ ತೊಟ್ಟು ಆ ಕಾಲದ ಶಿಬಿರ, ಕಾಳಗ, ಕಸುಬು ಎಲ್ಲ ಮತ್ತೆ ಮಾಡಿ ತೋರಿಸುವ ಈ ರೀಎನ್ಯಾಕ್ಟ್‌ಮೆಂಟ್ ಹುಚ್ಚು ನನಗೂ ಹಿಡಿದಿದೆ. ಹೋದ ತಿಂಗಳು ವೈಕಿಂಗರ, ಅಂದರೆ ಸಾವಿರ ವರ್ಷದ ಹಿಂದಿನ ಉತ್ತರ ಯುರೋಪಿನ ಕಡಲ ಯೋಧರ, ಕಾಲ ತೋರಿಸುವ ಒಂದು ಗ್ರೂಪಿನ ಶಿಬಿರ ನೋಡಲು ಹೋಗಿದ್ದೆ. ಕಾಳಗ ಹದಿನೈದು ನಿಮಿಷಕ್ಕೆ ಮುಗಿಯಿತು. ಆದರೆ ಟೆಂಟಿನ ಪಕ್ಕ ಒಬ್ಬರು ಒಂದೇ ಒಂದು ದಪ್ಪ ಸೂಜಿ ಹಿಡಿದು ಉಣ್ಣೆಯ ಕಾಲುಚೀಲ ಹೆಣೆಯುತ್ತಾ ಕೂತಿದ್ದರು. ಅದನ್ನು ನೋಡುತ್ತಾ ಎರಡು ಗಂಟೆ ಅಲ್ಲೇ ಕೂತುಬಿಟ್ಟೆ. ಹೊರಡುವಾಗ "ಮುಂದಿನ ಅಭ್ಯಾಸಕ್ಕೆ ಬನ್ನಿ" ಅಂದರು.

ಈಗ ಹೋಗಲೋ ಬೇಡವೋ ಅಂತ ಒದ್ದಾಡುತ್ತಿದ್ದೇನೆ. ಆನ್‌ಲೈನಿನಲ್ಲಿ ಒಂದು ಕತ್ತಿ ನೋಡಿಟ್ಟಿದ್ದೇನೆ. ಪಳಪಳ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲು, ಹಿಡಿಯ ಮೇಲೆ ಡ್ರ್ಯಾಗನ್ ಬೇರೆ ಇದೆ. ತಗೊಂಡೇ ಹೋಗಲಾ? ಬರಿಗೈಯಲ್ಲಿ ಹೋದರೆ ಏನಂದುಕೊಳ್ಳುತ್ತಾರೋ ಅಂತ. ಎರಡನೆಯದು, ನಾನು ಹೆಂಗಸು. ಕಾಳಗಕ್ಕೆ ಇಳಿಯುವ ಆಸೆ ಇದೆ, ಭಯವೂ ಇದೆ. ಒಲೆ ಮುಂದೆ ಕೂರಿಸಿಬಿಡುತ್ತಾರಾ? ಇನ್ನೊಂದು ನಾಚಿಕೆಯ ವಿಷಯ. ನನಗೆ ನಟನೆ ಸುತರಾಂ ಬರಲ್ಲ, ನೋಡಲು ಬಂದವರು ಏನಾದರೂ ಕೇಳಿದರೆ ಬಾಯಿ ಒಣಗಿಹೋಗುತ್ತೆ. ಇಂಥವರೂ ಈ ಹವ್ಯಾಸದಲ್ಲಿ ಇದ್ದೀರಾ?

ಹಳೇಗುರಾಣಿ:

ಮೇಡಂ, ಮೊದಲು ಆ ಕತ್ತಿಯನ್ನು ಮರೆತುಬಿಡಿ. ತಮಾಷೆಗೆ ಹೇಳುತ್ತಿಲ್ಲ. ಸ್ಟೇನ್‌ಲೆಸ್ ಕತ್ತಿ ಗೋಡೆಗೆ ನೇತುಹಾಕಲು ಮಾಡಿದ ವಸ್ತು. ಅಷ್ಟುದ್ದದ ಅಲಗಿಗೆ ಆ ಲೋಹ ಬಾಗುವುದಿಲ್ಲ, ಮುರಿಯುತ್ತೆ. ಎಷ್ಟೋ ಕತ್ತಿಗಳಲ್ಲಿ ಹಿಡಿಯೊಳಗೆ ಬರೀ ಒಂದು ಸಣ್ಣ ಕಡ್ಡಿಯನ್ನು ಬೆಸುಗೆ ಹಾಕಿರುತ್ತಾರೆ. ಜೋರಾಗಿ ಎರಡು ಏಟು ಬಿದ್ದರೆ ಹಿಡಿ ನಿಮ್ಮ ಕೈಯಲ್ಲೇ ಇರುತ್ತೆ, ಅಲಗು ಮಾತ್ರ ಜನರ ಕಡೆ ಹಾರುತ್ತೆ. ಕಾಳಗಕ್ಕೆ ಬಳಸುವುದು ಸ್ಪ್ರಿಂಗ್ ಸ್ಟೀಲಿನ ಮೊಂಡು ಕತ್ತಿ. ಅಂಚು ಸುಮಾರು 2 ಮಿಲಿಮೀಟರಾದರೂ ದಪ್ಪ ಇದ್ದು ಉರುಟಾಗಿರಬೇಕು, ತುದಿಯೂ ಉರುಟಾಗಿರಬೇಕು. ಒಂದೊಂದು ಗ್ರೂಪಿನ ಅಳತೆ ಒಂದೊಂದು ಥರ, ಕಾಳಗಕ್ಕೆ ಮುಂಚೆ ಪ್ರತಿಯೊಂದು ಆಯುಧವನ್ನೂ ಕೈಯಲ್ಲಿ ಸವರಿ ನೋಡಿಯೇ ಒಳಗೆ ಬಿಡುತ್ತಾರೆ. ನಿಮ್ಮ ಡ್ರ್ಯಾಗನ್ ಅಲ್ಲೇ ಹೊರಗೆ ನಿಲ್ಲುತ್ತೆ.

ನಾನೂ ಮೊದಲು ಕೊಂಡದ್ದು ಕತ್ತಿಯೇ, ಎಂಟು ವರ್ಷದಿಂದ ಬೀರುವಿನ ಮೇಲೆ ಮಲಗಿದೆ. ಆಮೇಲೆ ನೋಡಿದರೆ ವೈಕಿಂಗ್ ಕಾಲದಲ್ಲಿ ಕತ್ತಿ ಅಂದರೆ ಸಿರಿವಂತರ ಸೊತ್ತು, ಸಾಮಾನ್ಯ ಆಳು ಹಿಡಿಯುತ್ತಿದ್ದದ್ದು ಈಟಿ ಮತ್ತು ಗುರಾಣಿ. ಹೊಸಬರಿಗೆ ಗ್ರೂಪಿನವರು ಕೊಡುವುದೂ ಅದನ್ನೇ, ಅದೂ ಎರವಲಿಗೆ.

ದುಡ್ಡು ಹಾಕುವುದಾದರೆ ಪಾದರಕ್ಷೆಗೆ ಹಾಕಿ. ಶಿಬಿರದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಅದರಲ್ಲೇ ನಿಲ್ಲಬೇಕು, ನಡೆಯಬೇಕು, ನೀರು ಹೊರಬೇಕು. ಈಟಿ ಎರವಲು ಸಿಗುತ್ತೆ, ನಿಮ್ಮ ಅಳತೆಯ ಶೂ ಎರವಲು ಸಿಗಲ್ಲ. ಆ ಕಾಲದ ಶೂಗೆ ಅಡಿಯಲ್ಲಿ ಬರೀ ತೊಗಲು. ಒದ್ದೆ ಹುಲ್ಲಿನ ಮೇಲೆ ಸೋಪಿನ ಮೇಲೆ ನಡೆದ ಹಾಗೆ ಆಗುತ್ತೆ. ಮನೆಯಲ್ಲಿ ಒಂದು ವಾರ ಹಾಕಿಕೊಂಡು ಓಡಾಡಿ, ಆಮೇಲೆ ಗುರಾಣಿ ಸಾಲಿನಲ್ಲಿ ನಿಲ್ಲಿ.

ರೋಮನ್_ಸೋಮಾರಿ:

ಶೂ ವಿಷಯಕ್ಕೆ ಒಂದು ಸಣ್ಣ ಕಥೆ. ನಾನು ರೋಮನ್ ಸೈನಿಕನ ಕಿಟ್ ಹಾಕುವವನು, ನಮ್ಮ ಚಪ್ಪಲಿಯ ಅಡಿಯಲ್ಲಿ ಕಬ್ಬಿಣದ ಮೊಳೆಗಳು. ಮಣ್ಣಿನಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಕಲ್ಲು ಹಾಸಿನ ಮೇಲೆ ಮಾತ್ರ ದೇವರೇ ಗತಿ. ಮೊದಲ ಮೆರವಣಿಗೆಯಲ್ಲೇ ನಾನು ಗುರಾಣಿ ಸಮೇತ ಅಂಗಾತ ಬಿದ್ದೆ, ನೋಡುತ್ತಿದ್ದವರೆಲ್ಲ ಚಪ್ಪಾಳೆ ಹೊಡೆದರು, ಇದೂ ಕಾರ್ಯಕ್ರಮದ ಭಾಗ ಅಂದುಕೊಂಡು. ಆಮೇಲೆ ಗೊತ್ತಾದದ್ದು, ಕ್ರಿ.ಶ. 70ರ ಜೆರುಸಲೇಮ್ ಮುತ್ತಿಗೆಯಲ್ಲಿ ಜೂಲಿಯಾನಸ್ ಎಂಬ ಸೆಂಚುರಿಯನ್ (ರೋಮನ್ ಸೇನೆಯ ದಳನಾಯಕ) ದೇವಾಲಯದ ಕಲ್ಲು ಹಾಸಿನ ಮೇಲೆ ಶತ್ರುಗಳನ್ನು ಅಟ್ಟಿಸಿಕೊಂಡು ಹೋಗುವಾಗ ಇದೇ ಮೊಳೆಗಳಿಂದ ಜಾರಿ ಬಿದ್ದು ಸತ್ತನಂತೆ. ಆ ಕಾಲದ ಇತಿಹಾಸಕಾರ ಜೊಸೀಫಸ್ ಬರೆದಿಟ್ಟಿದ್ದಾನೆ. ಅದನ್ನು ಓದಿದ ಮೇಲೆ ನನಗೆ ಅವಮಾನ ಸ್ವಲ್ಪ ಕಮ್ಮಿ ಆಯಿತು.

ಫ್ಯಾನ್ಸಿ ಡ್ರೆಸ್ ಅಂತ ಯಾರಾದರೂ ಆಡಿಕೊಂಡರೆ ತಲೆ ಕೆಡಿಸಿಕೊಳ್ಳಬೇಡಿ. ಕ್ರಿ.ಪೂ. 2ರಲ್ಲೇ ರೋಮನ್ ಚಕ್ರವರ್ತಿ ಅಗಸ್ಟಸ್ ದೊಡ್ಡ ಕೊಳವನ್ನೇ ತೋಡಿಸಿ ಅಥೆನ್ಸಿನವರು ಮತ್ತು ಪರ್ಷಿಯನ್ನರ ಹಳೇ ನೌಕಾ ಕಾಳಗವನ್ನು ಮತ್ತೆ ಆಡಿಸಿ ಜನರಿಗೆ ತೋರಿಸಿದ್ದ. ಅಲ್ಲಿ ಹೋರಾಡಿದವರಿಗೆ ಅದು ಹವ್ಯಾಸ ಆಗಿರಲಿಲ್ಲ ಬಿಡಿ.

ಸೂಜಿದಾರ:

ಆ ಕಾಲುಚೀಲ ಹೆಣೆಯುವುದಕ್ಕೆ ನಾಲ್‌ಬೈಂಡಿಂಗ್ ಅನ್ನುತ್ತಾರೆ. ನಮಗೆ ಗೊತ್ತಿರುವ ಎರಡು ಕಡ್ಡಿಯ ಹೆಣಿಗೆಗಿಂತ ಹಳೆಯದು. ಒಂದೇ ಸೂಜಿ, ತುಂಡು ತುಂಡು ನೂಲು. ನೂಲು ಮುಗಿದಾಗ ತುದಿ ಬಿಡಿಸಿ ಸ್ವಲ್ಪ ಒದ್ದೆ ಮಾಡಿ ಹೊಸ ತುಂಡಿನ ಜೊತೆ ಅಂಗೈಯಲ್ಲಿ ಉಜ್ಜಿದರೆ ಅಂಟಿಕೊಳ್ಳುತ್ತೆ. ಎಲ್ಲಾದರೂ ಕತ್ತರಿಸಿದರೂ ಸರಸರ ಬಿಚ್ಚಿಹೋಗಲ್ಲ. ಇಂಗ್ಲೆಂಡಿನ ಯಾರ್ಕ್ ನಗರದ ಕಾಪರ್‌ಗೇಟ್‌ನಲ್ಲಿ ಅಗೆದಾಗ 10ನೇ ಶತಮಾನದ ಇಂಥ ಒಂದು ಕಾಲುಚೀಲ ಸಿಕ್ಕಿದೆ, ಎಷ್ಟೋ ಗ್ರೂಪುಗಳಲ್ಲಿ ಮಾಡುವುದು ಅದರ ನಕಲನ್ನೇ. ನಿಮಗೆ ಎರಡು ಗಂಟೆ ಅಲ್ಲೇ ಕೂರಬೇಕು ಅನ್ನಿಸಿತು ಅಂದರೆ ನೀವು ಅರ್ಧ ಸೇರಿಯಾಗಿದೆ.

ಬಟ್ಟೆ ವಿಷಯ ನಾನು ಹೇಳುತ್ತೇನೆ, ಹಳೇಗುರಾಣಿಯವರು ಶೂನಲ್ಲೇ ಮುಳುಗಿದ್ದಾರೆ. ಒಳಗೆ ಲಿನನ್, ಹೊರಗೆ ಉಣ್ಣೆ, ಅಷ್ಟೇ. ಪಾಲಿಸ್ಟರ್ ಬೇಡವೇ ಬೇಡ. ಸರಿಯಾದ ಕಾಲದ್ದಲ್ಲ ಎನ್ನುವುದು ಆಮೇಲಿನ ಮಾತು, ಮೊದಲಿನದು ಬೆಂಕಿ. ಇಡೀ ದಿನ ಕಟ್ಟಿಗೆ ಒಲೆಯ ಪಕ್ಕ ಇರುತ್ತೀರಿ. ಉಣ್ಣೆಗೆ ಕಿಡಿ ಬಿದ್ದರೆ ಕರಟಿ ಆರಿಹೋಗುತ್ತೆ, ಪಾಲಿಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತೆ. ಮೊದಲ ಅಂಗಿಯನ್ನು ನೀವೇ ಹೊಲಿಯಿರಿ. ವೈಕಿಂಗ್ ಕಾಲದ ಅಂಗಿ ಅಂದರೆ ಬಹುಪಾಲು ಚೌಕ ಮತ್ತು ತ್ರಿಕೋನದ ತುಂಡುಗಳೇ, ಬಟ್ಟೆ ವ್ಯರ್ಥ ಆಗದ ಹಾಗೆ ಕತ್ತರಿಸುತ್ತಿದ್ದರು. ಒಳಗಿನ ಉದ್ದ ಹೊಲಿಗೆಗೆ ಮೆಷಿನ್ ಬಳಸಿ, ಕಣ್ಣಿಗೆ ಕಾಣುವ ಅಂಚನ್ನು ಕೈಯಲ್ಲಿ ಹಾಕಿ. ಕೆಲವರು ಇದಕ್ಕೂ ಮೂಗು ಮುರಿಯುತ್ತಾರೆ.

ಹೌದು, ಅಂಥವರು ನಿಮಗೆ ಸಿಕ್ಕೇ ಸಿಗುತ್ತಾರೆ. ಕೂತು ಹೊಲಿಗೆ ಎಣಿಸುವ ಜನ. ಇನ್ನೊಂದು ಕಡೆ "ಹತ್ತು ಅಡಿ ದೂರದಿಂದ ಚೆನ್ನಾಗಿ ಕಂಡರೆ ಸಾಕು" ಅನ್ನುವ ಜನ. ಅಮೆರಿಕದ ಸಿವಿಲ್ ವಾರ್ ಗ್ರೂಪುಗಳಲ್ಲಿ 1960ರ ದಶಕದಿಂದಲೂ ಸರಿ ಇಲ್ಲದ ಕಿಟ್ಟಿಗೆ "ಫಾರ್ಬ್" ಅಂತ ಬೈಗುಳವೇ ಇದೆ. ನಾನು ಮೊದಲ ಮೂರು ವರ್ಷ ಎಲ್ಲರನ್ನೂ ತಿದ್ದುತ್ತಾ ಓಡಾಡಿದೆ. ಒಬ್ಬ ಹುಡುಗಿ ನನ್ನ ಮಾತು ಕೇಳಿ ಅತ್ತು, ಮುಂದಿನ ಶಿಬಿರಕ್ಕೆ ಬರಲೇ ಇಲ್ಲ. ಅವಳ ತಪ್ಪು ಏನು ಗೊತ್ತಾ, ಅಂಗಿಯ ಬಣ್ಣ ಸ್ವಲ್ಪ ಜಾಸ್ತಿ ಕೆಂಪು. ಮಂಜಿಷ್ಠದ ಜಾತಿಯ ಬೇರಿನಿಂದ ಅಷ್ಟೇ ಗಾಢ ಕೆಂಪು ಬರುತ್ತೆ ಅಂತ ಆಮೇಲೆ ನಾನೇ ಬಣ್ಣ ಹಾಕಿ ನೋಡಿದಾಗ ತಿಳಿಯಿತು. ಈಗ ನನ್ನ ಅಂಗಿಯ ಹೊಲಿಗೆ ಮಾತ್ರ ಎಣಿಸುತ್ತೇನೆ. ಕೊಂಬಿನ ಹೆಲ್ಮೆಟ್ ಹಾಕಿಕೊಂಡು ಬಂದರೆ ಮಾತ್ರ ಸುಮ್ಮನಿರಲ್ಲ, ಅದು 1876ರ ಒಂದು ಜರ್ಮನ್ ಒಪೆರಾದ ವೇಷದಿಂದ ಜನರ ತಲೆಗೆ ಹೊಕ್ಕ ಹೆಲ್ಮೆಟ್, ವೈಕಿಂಗರದ್ದಲ್ಲ.

ಬತ್ತಿಕೋವಿ:

ನಾನು ಬೇರೆ ಕಾಲದವನು, 17ನೇ ಶತಮಾನದ ಇಂಗ್ಲಿಷ್ ಅಂತರ್ಯುದ್ಧ, ಮಸ್ಕೆಟ್ ಕೋವಿಯ ಸಾಲು. ಹೆಂಗಸರ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲವಲ್ಲ, ಅದಕ್ಕೇ ಬಂದೆ.

1989ರಲ್ಲಿ ಅಮೆರಿಕದ ಸಿವಿಲ್ ವಾರ್ ನಡೆದ ಆಂಟೀಟಮ್ ಯುದ್ಧಭೂಮಿಯ ಒಂದು ಕಾರ್ಯಕ್ರಮದಲ್ಲಿ ಗಂಡು ಸೈನಿಕನ ವೇಷದಲ್ಲಿದ್ದ ಒಬ್ಬ ಮಹಿಳೆಯನ್ನು, ಹೆಂಗಸು ಎಂಬ ಕಾರಣಕ್ಕೆ ಹೊರಗೆ ಕಳಿಸಿದ್ದರು. ಅವರು ಕೋರ್ಟಿಗೆ ಹೋದರು, 1993ರಲ್ಲಿ ಗೆದ್ದರು. ಅವರ ವಾದದ ಗಟ್ಟಿತನ ಏನೆಂದರೆ ಆ ಯುದ್ಧದಲ್ಲಿ ನಿಜವಾಗಿಯೂ ನೂರಾರು ಹೆಂಗಸರು ಗಂಡಸರ ಬಟ್ಟೆ ಹಾಕಿ ಹೋರಾಡಿದ್ದರು. ಅಂದರೆ ಅವರನ್ನು ಹೊರಗೆ ಕಳಿಸಿದ್ದೇ ಇತಿಹಾಸಕ್ಕೆ ತಪ್ಪು. ಈಗ ಬಹಳಷ್ಟು ಗ್ರೂಪುಗಳಲ್ಲಿ ಹೆಂಗಸರು ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮಲ್ಲಿ 16 ಅಡಿ ಉದ್ದದ ಪೈಕ್ ಈಟಿ ಹಿಡಿಯುವವರಲ್ಲಿ ಅರ್ಧ ಜನ ಅವರೇ. ಆದರೂ ಗ್ರೂಪಿಗೆ ಸೇರುವ ಮುಂಚೆ ನೇರವಾಗಿ ಕೇಳಿಬಿಡಿ. ಉತ್ತರ ಎಳೆದಾಡಿದರೆ ಬೇರೆ ಗ್ರೂಪ್ ನೋಡಿ.

ಭಯದ ವಿಷಯ. ಕಾಳಗ ನೋಡುವವರಿಗೆ ಕಾಣುವಷ್ಟು ಹುಚ್ಚಾಟ ಅಲ್ಲ. ತಲೆಗೆ ಹೊಡೆಯಬಾರದು, ಮುಖಕ್ಕೆ ಚುಚ್ಚಬಾರದು, ಏಟನ್ನು ತಾಗುವ ಮುಂಚೆ ಎಳೆದುಕೊಳ್ಳಬೇಕು, ಇದನ್ನು ತಿಂಗಳುಗಟ್ಟಲೆ ಕಲಿಸಿಯೇ ಬಿಡುತ್ತಾರೆ. ಎಲ್ಲ ಗ್ರೂಪಿನಲ್ಲೂ ಒಂದು ನಿಲ್ಲಿಸುವ ಪದ ಇರುತ್ತೆ. ನಿಜವಾಗಿ ಯಾರಿಗಾದರೂ ಪೆಟ್ಟಾದರೆ ಅದನ್ನು ಕೂಗುತ್ತಾರೆ, ಆಗ ಇಡೀ ಮೈದಾನ ಅಲ್ಲೇ ನಿಂತುಬಿಡಬೇಕು. ಮೊದಲ ದಿನ ಬೇರೇನೂ ಕಲಿಯದಿದ್ದರೂ ಆ ಪದ ಕಲಿಯಿರಿ, ಯಾಕಂದರೆ "ಅಯ್ಯೋ ಸತ್ತೆ" ಅಂತ ಎಲ್ಲರೂ ಕೂಗುತ್ತಿರುವಾಗ ನಿಜವಾಗಿ ನೋವಾದವನ ಕೂಗು ಯಾರಿಗೂ ಗೊತ್ತಾಗಲ್ಲ. ಸಾಯುವುದಕ್ಕೂ ಕಲೆ ಬೇಕು. ಅನುಭವ ಇರುವವರು ನೆರಳು ನೋಡಿಕೊಂಡು ಸಾಯುತ್ತಾರೆ.

ನಿಮ್ಮದು ಸಿಡಿಮದ್ದು ಇಲ್ಲದ ಕಾಲ, ಪುಣ್ಯವಂತರು. ನಮ್ಮದರಲ್ಲಿ ಗುಂಡು ಹಾಕಲ್ಲ, ಬರೀ ಕರಿಮದ್ದು. ಹಾಗಿದ್ದರೂ ಹತ್ತಿರದಿಂದ ಸಿಡಿದರೆ ಮುಖ ಸುಡುತ್ತೆ. ನಾನು ಮೊದಲ ಎರಡು ವರ್ಷ ಕಿವಿಗೆ ಏನೂ ಇಟ್ಟುಕೊಳ್ಳದೆ ಶೂರನಾಗಿದ್ದೆ. ಈಗ ರಾತ್ರಿ ಮಲಗಿದರೆ ಎಡಗಿವಿಯಲ್ಲಿ ಜೀರುಂಡೆ.

ಮೂರನೇ_ಸಾಲು:

ಎಲ್ಲರೂ ಸಿಹಿ ಸಿಹಿಯಾಗಿ ಹೇಳುತ್ತಿದ್ದೀರಿ, ನಾನು ಆರು ವರ್ಷ ಮಾಡಿ ಬಿಟ್ಟವನು, ನನ್ನದೂ ಒಂದು ಮಾತು ಇರಲಿ. ಸರಪಳಿ ಕವಚ ಸುಮಾರು ಹತ್ತು ಕಿಲೋ. ಸೊಂಟಕ್ಕೆ ಬೆಲ್ಟ್ ಬಿಗಿದು ಅರ್ಧ ಭಾರ ಅಲ್ಲಿಗೆ ಇಳಿಸದಿದ್ದರೆ ಭುಜ ಸತ್ತೇ ಹೋಗುತ್ತೆ. ಒಂದು ಮಳೆಗೆ ಇಡೀ ಕವಚ ತುಕ್ಕು, ಭಾನುವಾರ ರಾತ್ರಿ ಮನೆಗೆ ಬಂದು ಅದನ್ನು ಒರೆಸಬೇಕು, ಟೆಂಟು ಒಣಗಿಸಬೇಕು, ಸೋಮವಾರ ಕೆಲಸಕ್ಕೆ ಹೊಗೆ ವಾಸನೆಯ ಕೂದಲಲ್ಲೇ ಹೋಗಬೇಕು. ಮಳೆ ಈ ಹವ್ಯಾಸದ ಕುಲದೇವತೆ. 1839ರಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್‌ನಲ್ಲಿ ಶ್ರೀಮಂತರೆಲ್ಲ ಸೇರಿ ಭರ್ಜರಿಯಾಗಿ ಮಧ್ಯಯುಗದ ಟೂರ್ನಮೆಂಟ್ ಮಾಡಲು ಹೋದರು, ಸಾವಿರಾರು ಜನ ನೆರೆದರು, ಧೋ ಅಂತ ಮಳೆ ಸುರಿಯಿತು, ವೇಷದಲ್ಲಿದ್ದ ದೊಡ್ಡಮನುಷ್ಯರೊಬ್ಬರು ಛತ್ರಿ ಬಿಚ್ಚಿಬಿಟ್ಟರು. ಇವತ್ತಿಗೂ ಅದೇ ಕಥೆ.

ನಾನು ಬಿಟ್ಟದ್ದು ಮಳೆಗಲ್ಲ, ಜನರಿಗೆ. ನಾನಿದ್ದ ಎರಡನೇ ಮಹಾಯುದ್ಧದ ಗ್ರೂಪಿನಲ್ಲಿ ಜರ್ಮನ್ ಕಡೆ ನಿಲ್ಲಲು ಯಾರಾದರೂ ಬೇಕು, ಸರಿ. ಆದರೆ ಒಂದಿಬ್ಬರಿಗೆ ಆ ಎಸ್‌ಎಸ್ (ಹಿಟ್ಲರನ ನಾಜಿ ಪಡೆ) ಸಮವಸ್ತ್ರದ ಮೇಲೆ ಇದ್ದ ಪ್ರೀತಿ ಇತಿಹಾಸದ ಪ್ರೀತಿ ಅಲ್ಲ ಅಂತ ರಾತ್ರಿ ಬೆಂಕಿ ಸುತ್ತ ಕೂತಾಗ ಗೊತ್ತಾಗುತ್ತಿತ್ತು. ಹೇಳಿದೆ, ಯಾರೂ ಕೇಳಲಿಲ್ಲ, ಹೊರಗೆ ಬಂದೆ. ವೈಕಿಂಗ್ ಗುರುತುಗಳನ್ನು ಹಿಡಿದು ಜನಾಂಗದ ಹೆಮ್ಮೆ ಮಾತಾಡುವವರೂ ಇದ್ದಾರೆ. ಅವರು ಬಂದಾಗ ನಿಮ್ಮ ಗ್ರೂಪಿನ ಹಿರಿಯರು ಏನು ಮಾಡುತ್ತಾರೆ ಅಂತ ನೋಡಿ. ಕಾಳಗಕ್ಕಿಂತ ರಾತ್ರಿಯ ಮಾತು ಕೇಳಿಸಿಕೊಳ್ಳಿ.

ಹಳೇಗುರಾಣಿ:

ಮೂರನೇ_ಸಾಲು ಹೇಳಿದ್ದು ಒಪ್ಪುತ್ತೇನೆ. ಒಳ್ಳೆಯ ಗ್ರೂಪುಗಳಲ್ಲಿ ಅಂಥವರನ್ನು ಅದೇ ದಿನ ಹೊರಗೆ ಕಳಿಸುತ್ತಾರೆ, ಬರವಣಿಗೆಯಲ್ಲೇ ನಿಯಮ ಇರುತ್ತೆ.

ಮೇಡಂ, ನಟನೆಯದ್ದು ಬಿಟ್ಟುಹೋಗಿತ್ತು. ಅಮೆರಿಕದ ಪ್ಲಿಮತ್ ವಸ್ತುಸಂಗ್ರಹಾಲಯದವರು ಕಟ್ಟಿರುವ, ಇಂಗ್ಲೆಂಡಿನಿಂದ ಬಂದು ನೆಲೆಸಿದವರ ಹಳ್ಳಿಯ ಮಾದರಿಯಲ್ಲಿ ತಾವು 1627ರಲ್ಲೇ ಇದ್ದೇವೆ ಅನ್ನುವ ಹಾಗೆ ಮಾತಾಡುವ ಪದ್ಧತಿ ಬೆಳೆದಿತ್ತು. ಆದರೆ ಎಲ್ಲರೂ ಹಾಗೆ ಮಾಡಬೇಕಿಲ್ಲ. "ಅವರು ಹೀಗೆ ಮಾಡುತ್ತಿದ್ದರು" ಅಂತ ನಮ್ಮ ಮಾಮೂಲಿ ಮಾತಲ್ಲೇ ಹೇಳಿದರೆ ಸಾಕು. ಇನ್ನು ಪ್ರಶ್ನೆಗಳು. ಇದುವರೆಗೆ ನನಗೆ ಬಂದ ಪ್ರಶ್ನೆಗಳಲ್ಲಿ ಅರ್ಧದಷ್ಟು ಎರಡೇ: "ಸೆಕೆ ಆಗಲ್ವಾ?" ಮತ್ತು, ಕಣ್ಣೆದುರೇ ಹೊಗೆ ಬರುತ್ತಿರುವಾಗ, "ಇದು ನಿಜವಾದ ಬೆಂಕಿನಾ?" ಎರಡಕ್ಕೂ ಉತ್ತರ ಹೌದು. ಉಳಿದದ್ದು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಪಕ್ಕದವರನ್ನು ತೋರಿಸಿ. ಕಥೆ ಕಟ್ಟಬೇಡಿ, ಮಕ್ಕಳು ಅದನ್ನೇ ಶಾಲೆಯಲ್ಲಿ ಹೋಗಿ ಹೇಳುತ್ತಾರೆ.

ಕುತೂಹಲಿ_27:

ಹೋಗಿ ಬಂದೆ! ಕತ್ತಿ ಕೊಳ್ಳಲಿಲ್ಲ. ಯಾರದೋ ಅಂಗಿ, ಯಾರದೋ ಹೆಲ್ಮೆಟ್, ಒಂದು ಉದ್ದ ಈಟಿ ಕೊಟ್ಟು ಎರಡನೇ ಸಾಲಿನಲ್ಲಿ ನಿಲ್ಲಿಸಿದರು. ಹೆಂಗಸರ ವಿಷಯ ನೇರವಾಗಿ ಕೇಳಿದೆ. ಅಭ್ಯಾಸ ಮಾಡಿಸುವವರೇ ಹೆಂಗಸು, ನನ್ನ ಪ್ರಶ್ನೆಗೆ ನಕ್ಕುಬಿಟ್ಟರು. ಒಂದೂವರೆ ಗಂಟೆಯಲ್ಲಿ ಏಳು ಸಲ ಸತ್ತೆ, ಒಮ್ಮೆಯೂ ನೆರಳು ಸಿಗಲಿಲ್ಲ. ಬೇಲಿ ಆಚೆ ನೋಡುತ್ತಿದ್ದ ಒಬ್ಬ ಹುಡುಗ "ಆಂಟಿ, ಸೆಕೆ ಆಗಲ್ವಾ?" ಅಂದ. ಹೌದಪ್ಪ ಅಂದೆ, ಬಾಯಿ ಒಣಗಲಿಲ್ಲ.

ಆಮೇಲೆ ಆ ಕಾಲುಚೀಲದವರ ಪಕ್ಕ ಕೂತು ಸೂಜಿ ಹಿಡಿದೆ. ಮೂರು ಸುತ್ತು ಬಂತು, ಮೂರೂ ಸೊಟ್ಟ. ಶೂ ಮಾತ್ರ ಆರ್ಡರ್ ಮಾಡಿದ್ದೇನೆ. ಬಂದ ಮೇಲೆ ಹಿಮ್ಮಡಿ ಕಚ್ಚಿದರೆ ಏನು ಮಾಡಬೇಕು?

ಸೂಜಿದಾರ:

ಆ ಸೊಟ್ಟ ಕಾಲುಚೀಲ ಮುಗಿಸಿ ಒಳಗೆ ಹಾಕಿಕೊಳ್ಳಿ. ರೋಮನ್ನರ ಗಡಿಯ ವಿಂಡೊಲಾಂಡಾ ಕೋಟೆಯಲ್ಲಿ ಸಿಕ್ಕ ಒಂದು ಓಲೆಯಲ್ಲೂ ಯಾರೋ ಯಾರಿಗೋ ಕಾಲುಚೀಲ, ಎರಡು ಜೊತೆ ಚಪ್ಪಲಿ, ಎರಡು ಚಡ್ಡಿ ಕಳಿಸಿದ್ದೇನೆ ಅಂತ ಬರೆದಿದ್ದಾರೆ. ಶೂ ಒಳಬದಿಗೆ ಸ್ವಲ್ಪ ಕೊಬ್ಬು ಅಥವಾ ಜೇನುಮೇಣ ಸವರಿ, ಮೊದಲ ದಿನ ಒಂದು ಗಂಟೆಗಿಂತ ಜಾಸ್ತಿ ಬೇಡ. ಸುತ್ತು ಸೊಟ್ಟ ಆಗುವುದು ಹೆಬ್ಬೆರಳಿನ ಕುಣಿಕೆ ಬಿಗಿಯಾದಾಗ. ಫೋಟೊ ಹಾಕಿ, ನೋಡೋಣ.