ಅಪ್‌ಡೇಟ್: ಒಂದು ಶೀಟ್‌ನಲ್ಲಿ ಲೇಯರ್ ಮುಚ್ಚಿದರೆ ಎಲ್ಲದರಲ್ಲೂ ಮಾಯವಾಗುತ್ತಿದ್ದದ್ದು ಸರಿಯಾಯಿತು

ಹೋದ ವಾರ ಕೇಳಿದ್ದೆ, ನೆನಪಿದೆ ಅಲ್ವಾ? ಬದಿಯಡ್ಕದ ಹತ್ತಿರದ ಕೆಂಪುಕಲ್ಲಿನ ಮನೆಯ ಪ್ಲಾನ್. ಆಟೋಕ್ಯಾಡ್‌ನಲ್ಲಿ (ಪ್ಲಾನ್ ಬಿಡಿಸುವ ಸಾಫ್ಟ್‌ವೇರ್) ಪಂಚಾಯತಿಗೆ ಕೊಡುವ ಶೀಟ್‌ಗೆ ಫರ್ನಿಚರ್, ವೈರಿಂಗ್ ಬೇಡ ಎಂದು ಅವುಗಳ ಲೇಯರ್ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯ ಹಾಗೆ) ಫ್ರೀಜ್ ಮಾಡಿದರೆ, ಅಂದರೆ ಮರೆ ಮಾಡಿದರೆ, ಎಲೆಕ್ಟ್ರಿಷಿಯನ್ ಶೀಟ್‌ನಲ್ಲೂ ಮಾಯವಾಗುತ್ತಿತ್ತು.

ನೀವು ಹೇಳಿದ್ದೇ ಸರಿ. ಮಾಮೂಲಿ ಫ್ರೀಜ್ ಇಡೀ ಡ್ರಾಯಿಂಗ್‌ಗೆ ಅನ್ವಯಿಸುತ್ತದೆ. ಪ್ರಿಂಟ್ ಶೀಟ್ ಜೋಡಿಸುವ ಲೇಔಟ್ ಟ್ಯಾಬ್‌ಗೆ ಹೋಗಿ, ವ್ಯೂಪೋರ್ಟ್ (ಶೀಟ್‌ನಲ್ಲಿ ಡ್ರಾಯಿಂಗ್ ಕಾಣಿಸುವ ಕಿಟಕಿ) ಒಳಗೆ ಡಬಲ್ ಕ್ಲಿಕ್ ಮಾಡಿ, ಲೇಯರ್ ಪಟ್ಟಿಯ 'ವಿಪಿ ಫ್ರೀಜ್' ಕಾಲಂನಲ್ಲಿ ಒತ್ತಿದೆ. ಆ ಕಿಟಕಿಯಲ್ಲಿ ಮಾತ್ರ ಮರೆಯಾಯಿತು. ಆ ಕಾಲಂ ಡ್ರಾಯಿಂಗ್ ಬಿಡಿಸುವ ಮಾಡೆಲ್ ಟ್ಯಾಬ್‌ನಲ್ಲಿ ಕಾಣುವುದೇ ಇಲ್ಲ. ಅದಕ್ಕೇ ನನಗೆ ಇಷ್ಟು ದಿನ ಸಿಕ್ಕಿರಲಿಲ್ಲ.

ಆದರೂ ಚಾವಡಿಯ ಎರಡು ಫ್ಯಾನ್ ಮಾತ್ರ ಹೋಗಲಿಲ್ಲ. ಅರ್ಧ ದಿನ ಹುಡುಕಿದೆ. ಫ್ಯಾನ್ ಬ್ಲಾಕ್‌ನ (ಗೆರೆಗಳನ್ನು ಸೇರಿಸಿ ಒಂದೇ ವಸ್ತು ಮಾಡಿದ್ದು) ಒಳಗಿನ ಗೆರೆಗಳು '0' ಲೇಯರ್‌ನಲ್ಲಿದ್ದವು, ಬ್ಲಾಕ್ ಇಟ್ಟದ್ದು ಗೋಡೆಯ ಲೇಯರ್‌ನಲ್ಲಿ. '0' ಲೇಯರ್‌ನ ಗೆರೆ ಬ್ಲಾಕ್ ಇರುವ ಲೇಯರ್ ಹೇಳಿದ ಹಾಗೆ ಕೇಳುತ್ತದೆ. ಗೋಡೆ ಕಾಣುವಷ್ಟು ಕಾಲ ಫ್ಯಾನೂ ಕಾಣುತ್ತದೆ! ಎರಡೂ ಫ್ಯಾನ್ ಬ್ಲಾಕ್‌ಗಳನ್ನು ವೈರಿಂಗ್ ಲೇಯರ್‌ಗೆ ಹಾಕಿದೆ, ಹೋಯಿತು.

ಇನ್ನೊಂದು: ಮಾಡಿನ ಅಂಚಿನ ತುಂಡುಗೆರೆ 1:100 ಶೀಟ್‌ನಲ್ಲಿ ಪೂರ್ತಿ ಗೆರೆಯ ಹಾಗೆ ಕಾಣುತ್ತಿತ್ತು. ತುಂಡುಗೆರೆಯನ್ನು ಶೀಟ್‌ನ ಸ್ಕೇಲ್‌ಗೆ ಹೊಂದಿಸುವ 'ಪಿಎಸ್ಎಲ್‌ಟಿಸ್ಕೇಲ್' ಸೆಟ್ಟಿಂಗ್ 1 ಮಾಡಿ, ಎಲ್ಲವನ್ನೂ ಹೊಸದಾಗಿ ತೋರಿಸುವ 'ರೀಜೆನ್ಆಲ್' ಕಮಾಂಡ್ ಕೊಟ್ಟೆ. ಈಗ 1:50ರಲ್ಲೂ 1:100ರಲ್ಲೂ ಒಂದೇ ಅಳತೆಯ ತುಂಡುಗಳು.

ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸುಮ್ನೆ ಬೇರೆ ಬೇರೆ ಶೀಟ್‌ಗೆ ಎಂದು ಮೂರು ಫೈಲ್ ಇಟ್ಟುಕೊಂಡಿದ್ದೆ, ಈಗ ಒಂದೇ ಸಾಕು. ನಾಳೆ ಪ್ರಿಂಟ್ ತೆಗೆಸುತ್ತೇನೆ.